ಕೆಂಪು ಸಾಲಿನ ಹದ್ದುಗಣ್ಣಿ

ಅವಳಿಗೆ ಹದ್ದುಗಣ್ಣಿ ಎಂದು ಮೊದಲು ಹೆಸರಿಟ್ಟವರು ಯಾರೋ ತಿಳಿಯದು. ಇಟ್ಟ ಮೇಲೆ ಅದು ಮೈಗೆ ಅಂಟಿಕೊಂಡಿತು. ಕಾರ್ಖಾನೆಯ ಗೇಟಿನವನಿಂದ ಹಿಡಿದು ಟೀ ತರುವವನವರೆಗೆ ಎಲ್ಲರಿಗೂ ಅವಳು ಹದ್ದುಗಣ್ಣಿಯೇ. ಅವಳಿಗೆ ಕೋಪವಿಲ್ಲದ ದಿನ ನೋಡಿಕೊಂಡು, ಅಂದರೆ ವರ್ಷಕ್ಕೆ ನಾಲ್ಕು ಸಲ, ಗಂಡನೂ ಹಾಗೆಯೇ ಕರೆಯುತ್ತಿದ್ದ. ಅವನು ಟೈಲರು. ನಲವತ್ತು ದಾಟುವ ಮೊದಲೇ ಕಣ್ಣು ಮಂಜಾಗಿ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೆಂಡತಿಯೇ ಅವನಿಗೆ ಹತ್ತು ಸೂಜಿಗೆ ದಾರ ಪೋಣಿಸಿ ಚುಚ್ಚಿಟ್ಟು ಹೋಗಬೇಕಿತ್ತು.

“ನನ್ನ ಪಾಲಿನ ಕಣ್ಣನ್ನೂ ದೇವರು ನಿನಗೇ ಕೊಟ್ಟ,” ಎನ್ನುತ್ತಿದ್ದ ಅವನು.

“ನಿಮ್ಮ ಪಾಲಿನ ಬಾಯನ್ನೂ ನನಗೇ ಕೊಟ್ಟಿದ್ದರೆ ಮನೆ ನೆಮ್ಮದಿಯಾಗಿರ್ತಿತ್ತು,” ಎನ್ನುತ್ತಿದ್ದಳು ಇವಳು.

ಕೆಲಸ ಹೇಳಿದರೆ ಚಿಕ್ಕದು. ಯಂತ್ರದಲ್ಲಿ ತಯಾರಾದ ಸಿನಿಮಾ ಡಿಸ್ಕುಗಳು ಕಂಬಿಗೆ ಪೋಣಿಸಿಕೊಂಡು ಮೇಜಿಗೆ ಬರುತ್ತವೆ. ಒಂದೊಂದನ್ನೇ ಅಂಚು ಹಿಡಿದು ಎತ್ತಬೇಕು, ಹೊಟ್ಟೆ ಮುಟ್ಟಬಾರದು. ದೀಪದ ಕೆಳಗೆ ಓರೆ ಮಾಡಿ ಒಂದು ಸುತ್ತು ತಿರುಗಿಸಿ ನೋಡಬೇಕು. ಗುಳ್ಳೆ, ಕೂದಲು, ಮಂಜು, ಗೆರೆ ಏನಾದರೂ ಕಂಡರೆ ಎಡಗಡೆಯ ಬುಟ್ಟಿಗೆ, ಏನೂ ಇಲ್ಲದಿದ್ದರೆ ಬಲಗಡೆಯ ಕಂಬಿಗೆ. ಮೂರು ಎಣಿಸುವಷ್ಟರಲ್ಲಿ ಇದೆಲ್ಲ ಮುಗಿಯಬೇಕು. ಹದಿನೇಳನೇ ವಯಸ್ಸಿಗೆ ಹಾಡಿನ ಕ್ಯಾಸೆಟ್ಟಿಗೆ ಟೇಪು ಸುತ್ತಲು ಸೇರಿದವಳು, ಕ್ಯಾಸೆಟ್ಟು ಸತ್ತ ಮೇಲೆ ಹಾಡಿನ ಡಿಸ್ಕಿಗೆ ಬಂದಳು, ಅಲ್ಲಿಂದ ಸಿನಿಮಾ ಡಿಸ್ಕಿಗೆ ಬಂದಳು. ಹದಿನಾರು ವರ್ಷ. ಅವಳು ಪಾಸ್ ಮಾಡಿದ ಮಾಲು ಅಂಗಡಿಯಿಂದ ವಾಪಸು ಬಂದದ್ದು ಯಾರಿಗೂ ನೆನಪಿಲ್ಲ. ಓದು ಮೂರನೇ ತರಗತಿಗೇ ನಿಂತಿತ್ತು. ಅವಳಿಗೆ ಇದ್ದ ಆಸ್ತಿ ಎಂದರೆ ಆ ನೋಟ ಒಂದೇ. ಅದರ ಮೇಲೆ ಅವಳಿಗೆ ಸೊಕ್ಕೂ ಇತ್ತು, ಇರಬೇಕಾದದ್ದೇ.

ಹೀಗಿರುವಾಗ ದೊಡ್ಡ ಕಂಪನಿಗಳ ನಡುವೆ ಜಗಳ ಹುಟ್ಟಿತು. ಚಿತ್ರ ಇನ್ನೂ ಚೊಕ್ಕವಾಗಿ ಕಾಣುವ ಹೊಸ ಡಿಸ್ಕು ತರುತ್ತೇವೆಂದು ಒಂದು ಗುಂಪು ಒಂದು ಬಗೆಯದು ಮಾಡಿತು, ಇನ್ನೊಂದು ಗುಂಪು ಇನ್ನೊಂದು ಬಗೆಯದು ಮಾಡಿತು. ಒಂದು ಕೆಂಪು ಡಬ್ಬಿಯಲ್ಲಿ ಬಂತು, ಒಂದು ನೀಲಿ ಡಬ್ಬಿಯಲ್ಲಿ ಬಂತು. ಎರಡರ ಅಗಲವೂ ಒಂದೇ, ನಡುವಿನ ತೂತೂ ಒಂದೇ. ಆದರೆ ಕೆಂಪಿನ ಪ್ಲೇಯರಿನಲ್ಲಿ ನೀಲಿ ಆಡದು, ನೀಲಿಯದರಲ್ಲಿ ಕೆಂಪು ಆಡದು. ಸಿನಿಮಾ ಮಾಡುವ ಕಂಪನಿಗಳಲ್ಲಿ ಕೆಲವು ಈ ಕಡೆ, ಕೆಲವು ಆ ಕಡೆ ಹೋದವು. ಕೊಳ್ಳುವವನು ಕಕ್ಕಾಬಿಕ್ಕಿ.

ಇವಳ ಕಾರ್ಖಾನೆಯ ಯಜಮಾನ ಮಾತ್ರ ಕಕ್ಕಾಬಿಕ್ಕಿಯಾಗಲಿಲ್ಲ. ಎರಡೂ ಕಡೆಯ ಆರ್ಡರು ಹಿಡಿದ. ಶೆಡ್ಡಿನ ನಡುವೆ ಮೇಲಿಂದ ಕೆಳಕ್ಕೆ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು, ಆಚೆ ನೀಲಿ ಸಾಲು, ಈಚೆ ಕೆಂಪು ಸಾಲು ಮಾಡಿದ. ಹದ್ದುಗಣ್ಣಿ ಕೆಂಪಿನ ಹನ್ನೆರಡು ಹೆಂಗಸರಲ್ಲಿ ಹಿರಿಯಳಾದಳು. ನೀಲಿ ಸಾಲಿಗೆ ಸೇರಿದವಳು, ಬೇರೆ ಯಾರೂ ಸಿಗಲಿಲ್ಲವೆಂಬಂತೆ, ಅವಳ ಓರಗಿತ್ತಿ.

ಓರಗಿತ್ತಿ ಎಂದರೆ ಮೈದುನನ ಹೆಂಡತಿ, ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು. ಮೈದುನ ಲಾರಿ ಮೇಲೆ ಊರೂರು ತಿರುಗುವವನು. ಎರಡು ಕೋಣೆಯ ಮನೆ, ಎರಡು ಸಂಸಾರಕ್ಕೆ ಒಂದೇ ಅಡಿಗೆಮನೆ. ಅವಳನ್ನು ಕೆಲಸಕ್ಕೆ ಸೇರಿಸಿದ್ದೂ, ಡಿಸ್ಕು ಹಿಡಿಯುವುದನ್ನು ಮನೆಯ ಊಟದ ತಟ್ಟೆ ಹಿಡಿಸಿ ಕಲಿಸಿದ್ದೂ ಹದ್ದುಗಣ್ಣಿಯೇ.

ಸೂಪರ್‌ವೈಸರನಿಗೆ ಒಂದು ಉಪಾಯ ಹೊಳೆಯಿತು. ಊಟದ ಕೋಣೆಯ ಗೋಡೆಗೆ ಒಂದು ಕಪ್ಪು ಹಲಗೆ ಹೊಡೆಸಿ, ಪ್ರತಿ ಸಂಜೆ ಯಾವ ಸಾಲು ಎಷ್ಟು ಮಾಲು ಕಳಿಸಿತೆಂದು ಕೆಂಪು ಚಾಕ್‌ಪೀಸಿನಲ್ಲಿ, ನೀಲಿ ಚಾಕ್‌ಪೀಸಿನಲ್ಲಿ ಬರೆಸತೊಡಗಿದ. ಗೆದ್ದ ಸಾಲಿಗೆ ಏನೂ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಸೋತ ಸಾಲಿನವರ ಮುಖ ನೋಡುವುದೇ ಗೆದ್ದವರಿಗೆ ಊಟವಾಯಿತು. ಒಂದು ವಾರದಲ್ಲಿ ಹೆಂಗಸರು ಬೇರೆ ಬೇರೆ ಬೆಂಚಿಗೆ ಕೂತರು. ಒಂದು ತಿಂಗಳಲ್ಲಿ ಉಪ್ಪಿನ ಡಬ್ಬಿಯೂ ಬೇರೆಯಾಯಿತು.

ಮನೆಗೆ ಬಂದರೂ ಅದೇ.

“ಏನಕ್ಕಾ, ಇವತ್ತು ನಿಮ್ಮ ಕಡೆ ನಿದ್ದೆ ಮಾಡಿದ್ರಾ? ಇನ್ನೂರು ಕಮ್ಮಿ ಇತ್ತಲ್ಲ,” ಎನ್ನುತ್ತಿದ್ದಳು ಓರಗಿತ್ತಿ, ಈರುಳ್ಳಿ ಹೆಚ್ಚುತ್ತಾ.

“ನಾವು ನೋಡಿ ಕಳಿಸ್ತೀವಮ್ಮ. ನಿಮ್ಮ ಹಾಗೆ ಕಣ್ಣು ಮುಚ್ಚಿ ಎಣಿಸಲ್ಲ.”

“ಕಣ್ಣು ಮುಚ್ಚಿದ್ರೂ ನಮ್ಮದೇ ಗೆಲ್ಲೋದು. ಪೇಪರಿನಲ್ಲೇ ಬಂದಿದೆ.”

“ಪೇಪರಿನಲ್ಲಿ ನಿನ್ನ ಫೋಟೋನೂ ಹಾಕಿದ್ದಾರಾ ನೋಡು, ಮಹಾರಾಣಿ!”

ಟೈಲರು ಹೊರಗಿನ ಕಟ್ಟೆಯಿಂದ ಕೂಗುತ್ತಿದ್ದ: “ತಾಯಂದಿರಾ, ನಮ್ಮ ಮನೇಲಿ ಕೆಂಪಿನ ಪ್ಲೇಯರೂ ಇಲ್ಲ, ನೀಲಿಯದೂ ಇಲ್ಲ! ಆ ಹಳೇ ಟೇಪ್‌ರೆಕಾರ್ಡರಿಗೆ ಎರಡು ಸೆಲ್ಲಾದ್ರೂ ಹಾಕಿ ಪುಣ್ಯ ಕಟ್ಕೊಳ್ಳಿ!”

ಅದು ನಿಜವಾಗಿತ್ತು. ಆ ಡಿಸ್ಕುಗಳೊಳಗಿನ ಒಂದು ಸಿನಿಮಾವನ್ನೂ ಇಬ್ಬರೂ ನೋಡಿರಲಿಲ್ಲ. ನೋಡುವ ಯೋಗ್ಯತೆ ಅವರ ಸಂಬಳಕ್ಕಿರಲಿಲ್ಲ.

ಎರಡನೇ ವರ್ಷದ ಬೇಸಿಗೆಯಲ್ಲಿ ನೀಲಿ ಕಡೆಯ ತಂಪು ಯಂತ್ರ ಕೆಟ್ಟಿತು. ಕೆಂಪಿನ ಹೆಂಗಸರು, ತಮ್ಮ ತಂಪು ಆಚೆ ಹೋಗದಂತೆ, ಪರದೆಯ ಸಂದಿಗೆ ಅಂಟು ಟೇಪು ಹಚ್ಚಿದರು. ಹಚ್ಚಿ ಎಂದವಳು ಹದ್ದುಗಣ್ಣಿ. ಮಧ್ಯಾಹ್ನ ಆಚೆ ಏನೋ ದೊಪ್ಪನೆ ಬಿತ್ತು. ಪರದೆಯಾಚೆ ಮಸುಕಾಗಿ ಜನ ಓಡಾಡಿದ್ದು ಕಂಡಿತು. “ನಿನ್ನ ಓರಗಿತ್ತಿ ಕಣೇ, ತಲೆ ತಿರುಗಿ ಬಿದ್ದಳಂತೆ,” ಎಂದಳು ಪಕ್ಕದ ಮೇಜಿನ ಕನ್ನಡಕದಕ್ಕ. ಹದ್ದುಗಣ್ಣಿಯ ಕೈಯಲ್ಲಿ ಡಿಸ್ಕಿತ್ತು. ಅದನ್ನು ತಿರುಗಿಸಿ ನೋಡಿದಳು, ಬಲಗಡೆಗೆ ಹಾಕಿದಳು, ಇನ್ನೊಂದು ಎತ್ತಿಕೊಂಡಳು. ಆ ಸಂಜೆ ಹಲಗೆಯ ಮೇಲೆ ಕೆಂಪು ಮುನ್ನೂರು ಮುಂದಿತ್ತು. ಮನೆಯಲ್ಲಿ ಓರಗಿತ್ತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಇವಳು ನೀರಿನ ಲೋಟ ಪಕ್ಕಕ್ಕಿಟ್ಟು ಒಲೆ ಹಚ್ಚಲು ಹೋದಳು. ಇದನ್ನು ಆಮೇಲೆ ನೆನೆದಾಗಲೆಲ್ಲ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸುತ್ತಿತ್ತು. ಆಗ ಅನಿಸಲಿಲ್ಲ, ಅದೇ ಅನ್ಯಾಯ.

ಮೂರನೇ ವರ್ಷ ಒಂದು ಬೆಳಿಗ್ಗೆ ಕೆಂಪು ಸಾಲಿನ ಯಂತ್ರಗಳು ಶುರುವಾಗಲಿಲ್ಲ. ಕೆಂಪಿನ ಕಡೆಯಿದ್ದ ದೊಡ್ಡ ಸಿನಿಮಾ ಕಂಪನಿಯೊಂದು ನೀಲಿಯ ಕಡೆಗೆ ಜಿಗಿಯಿತಂತೆ. ಅದರ ಹಿಂದೆ ಅಂಗಡಿಯವರು, ಅವರ ಹಿಂದೆ ಪ್ಲೇಯರು ಮಾಡುವವರು. ಎಲ್ಲೋ ದೂರದಲ್ಲಿ, ಯಾವುದೋ ಮೇಜಿನ ಸುತ್ತ ಕೂತ ನಾಲ್ಕು ಜನ ಕೆಂಪನ್ನು ಕೈಬಿಟ್ಟೆವು ಎಂದರು, ಮುಗಿಯಿತು.

ಯಜಮಾನ ಶೆಡ್ಡಿಗೇ ಬಂದ. ಎಲ್ಲರಿಗೂ ಟೀ ಕೊಡಿಸಿದ. ನಗುತ್ತಲೇ ಮಾತಾಡಿದ. “ಯಾರೂ ಬೇಜಾರು ಮಾಡ್ಕೋಬೇಡಿ. ಕೆಂಪು ಗೆದ್ದರೂ ನಾವೇ ಗೆದ್ದ ಹಾಗೆ, ನೀಲಿ ಗೆದ್ದರೂ ನಾವೇ ಗೆದ್ದ ಹಾಗೆ. ಎರಡೂ ನಮ್ಮದೇ ಅಲ್ವಾ?”

ಹದ್ದುಗಣ್ಣಿ ಟೀ ಲೋಟದ ಮೇಲಿಂದ ಯಜಮಾನನನ್ನೇ ನೋಡಿದಳು. ಎರಡೂ ನಿಮ್ಮದೇ! ಹಾಗಾದರೆ ಮೂರು ವರ್ಷ ಒಂದೇ ಒಲೆಯ ಮುಂದೆ ನಿಂತು ನಾವಿಬ್ಬರೂ ಯಾರಿಗಾಗಿ ಹಲ್ಲು ಕಡಿದೆವು? ಉಪ್ಪಿನ ಡಬ್ಬಿ ಯಾರಿಗಾಗಿ ಬೇರೆ ಮಾಡಿದೆವು? ಬಾಯಿ ತೆರೆದರೆ ಏನು ಬರುತ್ತದೋ ಎಂದು ಹೆದರಿ ಬಿಸಿ ಟೀಯನ್ನು ಒಂದೇ ಗುಟುಕಿಗೆ ನುಂಗಿದಳು. ಗಂಟಲು ಸುಟ್ಟಿತು. ಒಳ್ಳೆಯದೇ ಆಯಿತು ಅನಿಸಿತು.

ಹನ್ನೆರಡು ಜನರಿಗೆ ಹದಿನೈದು ದಿನದ ಕೊನೆಯ ಕೆಲಸ ಸಿಕ್ಕಿತು. ಉಗ್ರಾಣದಲ್ಲಿ ಉಳಿದ ಕೆಂಪು ಡಿಸ್ಕುಗಳನ್ನೆಲ್ಲ ಡಬ್ಬಿಯಿಂದ ಬಿಡಿಸಿ, ಪುಡಿ ಮಾಡುವ ಯಂತ್ರದ ಬಾಯಿಗೆ ಹಾಕಬೇಕು. ತಾವೇ ಅಂಚು ಹಿಡಿದು, ಉಸಿರು ತಾಗದಂತೆ ನೋಡಿ ಪಾಸ್ ಮಾಡಿದವು. ಈಗ ಹಿಡಿಹಿಡಿಯಾಗಿ ಎತ್ತಿ ಸುರಿಯುವುದು. ಯಂತ್ರ ಕಟಕಟ ಅಗಿದು ಬೆಳ್ಳಿಯಂಥ ಹೊಟ್ಟು ಉಗುಳುತ್ತಿತ್ತು. ಆ ಸದ್ದು ಹದ್ದುಗಣ್ಣಿಗೆ ಯಾರೋ ತನ್ನ ಹಲ್ಲನ್ನೇ ಅಗಿದಂತೆ ಕೇಳಿಸುತ್ತಿತ್ತು.

ಮೂರನೇ ದಿನ ಸೂಪರ್‌ವೈಸರು ಬಂದು ಅವಳ ಎಡಗಡೆ ನೋಡಿದ. ಅಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಏಳು ಡಿಸ್ಕು.

“ಇದೇನಮ್ಮಾ?”

“ರಿಜೆಕ್ಟ್ ಸರ್. ಬೇರೆಯವರ ಮೇಜಿಂದ ತಪ್ಪಿಸಿಕೊಂಡು ಬಂದಿವೆ. ನಡುವಿನ ಅಂಟಿನಲ್ಲಿ ಗುಳ್ಳೆ ಇದೆ.”

ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಪುಡಿ ಮಾಡೋಕೂ ಒಳ್ಳೇ ಡಿಸ್ಕನ್ನೇ ಆರಿಸ್ತಿದ್ದೀಯಲ್ಲಮ್ಮಾ!”

ಆಗಲೇ ಅವಳಿಗೆ ತಾನು ಮಾಡಿದ್ದು ತಿಳಿದದ್ದು. ಕೈ ತನ್ನಷ್ಟಕ್ಕೆ ಆರಿಸಿತ್ತು, ಕಣ್ಣು ತನ್ನಷ್ಟಕ್ಕೆ ನೋಡಿತ್ತು. ಸುತ್ತ ಇದ್ದವರು ಕೂಡ ನಕ್ಕರು, ಕನ್ನಡಕದಕ್ಕನೂ ನಕ್ಕಳು. ಹದ್ದುಗಣ್ಣಿ ಬುಟ್ಟಿಯನ್ನು ಎತ್ತಿ ಯಂತ್ರದ ಬಾಯಿಗೆ ಬುಟ್ಟಿಸಮೇತ ಎಸೆದಳು. ಬುಟ್ಟಿ ಸಿಕ್ಕಿಕೊಂಡು ಯಂತ್ರ ನಿಂತುಹೋಯಿತು. “ನಗ್ರಿ ಈಗ!” ಎಂದಳು.

ಆ ವಾರವೇ ಸುದ್ದಿ ಬಂತು. ನೀಲಿ ಸಾಲಿನಲ್ಲಿ ನೋಡುವ ಮೇಜು ಒಂದು ಖಾಲಿ ಇದೆ. ಪರೀಕ್ಷೆ ಇಟ್ಟು ಒಬ್ಬರನ್ನು ತೆಗೆದುಕೊಳ್ಳುತ್ತಾರೆ, ಹಿರಿತನದ ಮೇಲೆ ಮೊದಲ ಪರೀಕ್ಷೆ ಹದ್ದುಗಣ್ಣಿಗೆ. ಅವಳು ತಪ್ಪಿದರೆ ಮುಂದಿನವರಿಗೆ. ತಪ್ಪಿದವರಿಗೆ ಕಾರ್ಖಾನೆಯಲ್ಲಿ ನೋಡುವ ಕೆಲಸ ಇನ್ನಿಲ್ಲ. ಬೇಕಾದರೆ ಡಬ್ಬಿಗೆ ಚೀಟಿ ಅಂಟಿಸಬಹುದು.

ಚೀಟಿ ಅಂಟಿಸುವುದು! ಕಣ್ಣಿದ್ದವಳು ಅಂಟಿನ ಬಟ್ಟಲ ಮುಂದೆ ಕೂರುವುದು! ಅದಕ್ಕಿಂತ ಮನೆಯಲ್ಲಿ ಗಂಡನ ಸೂಜಿಗೆ ದಾರ ಪೋಣಿಸುತ್ತ ಕೂತೇನು ಎಂದಳು.

ಪರೀಕ್ಷೆಯ ಬೆಳಿಗ್ಗೆ ಅವಳು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿರುವಾಗ ಓರಗಿತ್ತಿ ಬಂದು ನಿಂತಳು. ಅಷ್ಟು ಹೊತ್ತಿಗೆ ಓರಗಿತ್ತಿ ನೀಲಿ ಸಾಲಿನ ಲೀಡರಾಗಿದ್ದಳು. ಪರೀಕ್ಷೆಯ ಕಾಗದಕ್ಕೆ ಅವಳದೂ ಒಂದು ಸಹಿ ಬೇಕಿತ್ತು.

“ಅಕ್ಕಾ, ಒಂದು ಮಾತು. ಕೆಂಪಿನಲ್ಲಿ ಎರಡು ಬಿಲ್ಲೆ ಅಂಟಿಸಿ ನಡುವೆ ಚಿತ್ರ ಇಟ್ಟಿರ್ತಾರೆ, ಅದಕ್ಕೆ ನಿಮ್ಮ ನೋಟ ಒಳಕ್ಕೆ ಇಳಿಯತ್ತೆ. ನೀಲೀದು ಹಾಗಲ್ಲ. ಚಿತ್ರ ಮೇಲೇ ಇರತ್ತೆ, ತೆಳ್ಳಗೆ ಒಂದು ಲೇಪ ಅಷ್ಟೆ. ದೋಷನೂ ಮೇಲೇ. ಒಳಗೆ ನೋಡ್ಬೇಡಿ, ಮೇಲೇ ನಿಲ್ಲಿ.”

ಮೂರು ವರ್ಷದ ಮಾತುಗಳೆಲ್ಲ ಹದ್ದುಗಣ್ಣಿಯ ಕಿವಿಯಲ್ಲಿ ಒಟ್ಟಿಗೆ ಗುಂಯ್‌ಗುಟ್ಟಿದವು. ಇವಳು ನನ್ನನ್ನು ದಾರಿ ತಪ್ಪಿಸುತ್ತಿದ್ದಾಳೆ. ಮೇಲೆ ನೋಡಿದರೆ ಏನು ಕಂಡೀತು, ಧೂಳು?

“ಊಟದ ತಟ್ಟೆ ಹಿಡಿಸಿ ನಿನಗೆ ನೋಡೋದು ಕಲಿಸಿದವಳು ನಾನು. ನನಗೇ ಪಾಠ ಹೇಳ್ತೀಯಾ? ಹೋಗು, ಹೋಗಿ ಹಲ್ಲುಜ್ಜು.”

ಓರಗಿತ್ತಿ ಒಳಗೆ ಹೋದಳು.

ಪರೀಕ್ಷೆಗೆ ಅವಳನ್ನು ಅವಳ ಹಳೆಯ ಮೇಜಿಗೇ ಕೂರಿಸಿದರು. ಇಪ್ಪತ್ತು ನೀಲಿ ಡಿಸ್ಕು. ಅದರಲ್ಲಿ ಆರು ಕೆಟ್ಟವು ಎಂದು ಸೂಪರ್‌ವೈಸರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಐದಾದರೂ ಹಿಡಿಯಬೇಕು. ಅವಳು ಮೊದಲನೆಯದನ್ನು ಓರೆ ಮಾಡಿದಳು. ನೋಟ ಅಭ್ಯಾಸದಂತೆ ಒಳಕ್ಕೆ ಇಳಿಯಿತು, ನಡುವಿನ ಅಂಟಿನ ಪದರವನ್ನು ಹುಡುಕಿತು, ಅಂಥದೇನೂ ಸಿಗದೆ ಇನ್ನೂ ಕೆಳಕ್ಕೆ ಹೋಯಿತು. ಚೊಕ್ಕವಾಗಿದೆ. ಎರಡನೆಯದೂ ಚೊಕ್ಕ. ಮೂರನೆಯದೂ ಚೊಕ್ಕ. ಎಲ್ಲವೂ ಚೊಕ್ಕವಾಗಿ ಕಾಣುವುದೇ ಕೆಟ್ಟ ಲಕ್ಷಣವೆಂದು ಹತ್ತೊಂಬತ್ತು ವರ್ಷದ ಅನುಭವ ಪಿಸುಗುಟ್ಟಿತು. ಹಟ ಕೇಳಲಿಲ್ಲ. ಮುಗಿಸಿ ಎದ್ದಾಗ ಬುಟ್ಟಿಯಲ್ಲಿ ಮೂರು ಡಿಸ್ಕಿದ್ದವು.

ಸೂಪರ್‌ವೈಸರು ಪಟ್ಟಿ ನೋಡಿಕೊಂಡು ಎಣಿಸಿದ. “ಆರರಲ್ಲಿ ಎರಡು ಹಿಡಿದಿದ್ದೀಯ. ಇನ್ನೊಂದು ಒಳ್ಳೇದನ್ನೇ ಬುಟ್ಟಿಗೆ ಹಾಕಿದ್ದೀಯ. ಏನಮ್ಮಾ, ಹದ್ದಿನ ಕಣ್ಣಿಗೂ ಪೊರೆ ಬಂತಾ?” ಕಾಗದವನ್ನು ಓರಗಿತ್ತಿಯ ಕಡೆ ತಳ್ಳಿದ. “ಸಹಿ ಹಾಕಮ್ಮಾ. ಮುಂದಿನವಳನ್ನ ಕರೀರಿ.”

ಹದ್ದುಗಣ್ಣಿಯ ಮೈಯೆಲ್ಲ ಉರಿದುಹೋಯಿತು. ಓರಗಿತ್ತಿ ಈಗ ನಗುತ್ತಾಳೆ, ನಗಲಿ, ಮುಖಕ್ಕೆ ಉಗಿದೇ ಹೋಗುತ್ತೇನೆ ಎಂದು ತಿರುಗಿದಳು. ಓರಗಿತ್ತಿ ನಗುತ್ತಿರಲಿಲ್ಲ. ಪೆನ್ನಿನ ಮುಚ್ಚಳವನ್ನೂ ತೆಗೆದಿರಲಿಲ್ಲ.

“ಈ ಪರೀಕ್ಷೆ ನಡೆಯಲ್ಲ ಸರ್. ಅಕ್ಕನ್ನ ಕೆಂಪಿನ ದೀಪದ ಕೆಳಗೆ ಕೂರಿಸಿದ್ದೀರಿ. ಈ ದೀಪ ನೆಟ್ಟಗೆ ಬೀಳತ್ತೆ. ನೀಲಿಗೆ ಅಡ್ಡ ದೀಪ ಬೇಕು. ಇದರಲ್ಲಿ ನನ್ನನ್ನ ಕೂರಿಸಿದ್ರೂ ಕಾಣಲ್ಲ.”

“ದೀಪ ದೀಪವೇ. ಸಹಿ ಹಾಕು.”

“ಹಾಕಲ್ಲ.”

ಅದು ಓರಗಿತ್ತಿ ಅವಳಿಗೆ ಕೊಟ್ಟ ಹಗ್ಗ. ಹಿಡಿದುಕೊಂಡು ಮೇಲೆ ಬರಬಹುದಾಗಿತ್ತು. ಹದ್ದುಗಣ್ಣಿಯ ಬಾಯಿಯಿಂದ ಬಂದದ್ದು ಬೇರೆಯೇ ಮಾತು.

“ದೀಪದ ಮೇಲೆ ಯಾಕೆ ಹಾಕ್ತೀಯಾ? ದೀಪದ ತಪ್ಪು ಅರ್ಧ, ನನ್ನ ತಪ್ಪು ಅರ್ಧ. ಬೆಳಿಗ್ಗೆ ನೀನು ಹೇಳಿದ್ದೆ, ನಾನು ಕೇಳಲಿಲ್ಲ.” ಸೂಪರ್‌ವೈಸರನ ಕಡೆ ತಿರುಗಿದಳು. “ಇನ್ನೊಂದು ಇಪ್ಪತ್ತು ತನ್ನಿ. ಅವರ ದೀಪದ ಕೆಳಗೆ.”

“ಒಬ್ಬರಿಗೆ ಒಂದೇ ಸಲ.”

“ಮೂರು ವರ್ಷ ಊಟದ ಕೋಣೆಯಲ್ಲಿ ನಮ್ಮನ್ನ ಕೋಳಿ ಥರ ಕಾದಾಡಿಸಿದ್ರಲ್ಲ, ಅದು ಒಂದೇ ಸಲನಾ?” ಅವಳ ದನಿ ಏರಿತು. ಪರದೆಯಾಚೆ ನೀಲಿಯ ಹೆಂಗಸರು ಕೈ ನಿಲ್ಲಿಸಿದರು. “ಇವಳು ಬಿದ್ದಾಗ ನಾನು ಎದ್ದು ಹೋಗಲಿಲ್ಲ ಸರ್! ಒಂದೇ ಮನೆಯವಳು, ಒಂದೇ ಒಲೆಯ ಊಟ, ಬಿದ್ದಳು ಅಂತ ಕೇಳಿಸ್ಕೊಂಡು ಡಿಸ್ಕು ತಿರುಗಿಸ್ತಾ ಕೂತಿದ್ದೆ! ಯಾರ ಪುರುಷಾರ್ಥಕ್ಕೆ? ಎರಡೂ ನಿಮ್ಮದೇ ಅಂತೆ! ಡಿಸ್ಕು ತರ್ತೀರೋ, ಇಲ್ಲ ನಾನೇ ಎತ್ತಿಕೊಳ್ಳಲೋ?”

ಸೂಪರ್‌ವೈಸರು ಓರಗಿತ್ತಿಯ ಮುಖ ನೋಡಿದ. ಅವಳು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಕೈಕಟ್ಟಿ ನಿಂತಿದ್ದಳು. ಸಹಿಯಿಲ್ಲದ ಕಾಗದವನ್ನು ಸಿನಿಮಾ ಕಂಪನಿಯವರು ಒಪ್ಪುವುದಿಲ್ಲ. ಅವನು ಗಡಿಯಾರ ನೋಡಿ, “ಹತ್ತು ನಿಮಿಷ. ಅದರ ಮೇಲೆ ಒಂದು ಕ್ಷಣ ಕೊಡಲ್ಲ,” ಎಂದ.

ಪರದೆ ಸರಿಸಿ ಅವಳು ಮೊದಲ ಸಲ ನೀಲಿಯ ಕಡೆಗೆ ಹೋದಳು. ಅಲ್ಲಿಯ ಮೇಜೂ ಅದೇ, ಕುರ್ಚಿಯೂ ಅದೇ. ದೀಪ ಮಾತ್ರ ಪಕ್ಕದಿಂದ ಬೀಳುತ್ತಿತ್ತು. ಡಿಸ್ಕು ಎತ್ತಿದಳು. ನೋಟ ಮತ್ತೆ ಒಳಕ್ಕೆ ಜಾರಿತು. ಹಿಂದಕ್ಕೆಳೆದಳು. ಮತ್ತೆ ಜಾರಿತು. ಇಳಿಜಾರಿನಲ್ಲಿ ತುಂಬಿದ ಕೊಡ ಹಿಡಿದು ನಿಂತಂತೆ ಕಷ್ಟಪಟ್ಟು ನೋಟವನ್ನು ಮೇಲ್ಮೈಯಲ್ಲೇ ನಿಲ್ಲಿಸಿದಳು. ಹಣೆಯಲ್ಲಿ ಬೆವರು ಮೂಡಿತು. ಐದನೆಯ ಡಿಸ್ಕಿನಲ್ಲಿ, ಹಾಲಿನ ಕೆನೆಯ ಮೇಲೆ ಸೊಳ್ಳೆಯ ಕಾಲು ತಾಗಿದಂತೆ, ಲೇಪದಲ್ಲಿ ಒಂದು ಸಣ್ಣ ಕುಳಿ ಕಂಡಿತು. ಎಡಗಡೆಗೆ. ಆಮೇಲೆ ಕಣ್ಣಿಗೆ ದಾರಿ ಸಿಕ್ಕಿತು.

ಆರರಲ್ಲಿ ಐದು. ಒಳ್ಳೆಯದು ಒಂದೂ ತಪ್ಪಾಗಿ ಹೋಗಲಿಲ್ಲ.

“ಯಾವುದು ಬಿಟ್ಟೆ? ತೋರಿಸಿ,” ಎಂದಳು ತಕ್ಷಣ. ಸೂಪರ್‌ವೈಸರು ತೋರಿಸಿದ. ಅಂಚಿನ ಹತ್ತಿರ ಕೂದಲಿನ ತುಂಡಿನಷ್ಟು ಗೆರೆ. “ಛೀ!” ಎಂದು ತನ್ನ ತೊಡೆಗೆ ತಾನೇ ಹೊಡೆದುಕೊಂಡಳು.

ಓರಗಿತ್ತಿ ಸಹಿ ಹಾಕಿದಳು. ಸೂಪರ್‌ವೈಸರು ಇನ್ನೊಂದು ಕಾಗದ ಮುಂದಿಟ್ಟ. ಕನ್ನಡಕದಕ್ಕನನ್ನು ಕರೆಸಿ ಓದಿಸಿಕೊಂಡಳು. ಹೊಸದಾಗಿ ಸೇರುವವರಿಗೆ ಏನು ಸಂಬಳವೋ ಅದೇ ಇವಳಿಗೂ. ಹತ್ತೊಂಬತ್ತು ವರ್ಷ ಕೆಂಪು ಸಾಲಿನ ಜೊತೆಗೇ ಮುಚ್ಚಿಹೋಯಿತು.

“ಕಣ್ಣು ಹಳೇದು ಬೇಕು, ಸಂಬಳ ಹೊಸಬಳದ್ದಾ?”

“ಸಾಲು ಹೊಸದಲ್ವೇನಮ್ಮಾ. ಬೇಡ ಅಂದ್ರೆ ಹೇಳು, ಹೊರಗೆ ಹನ್ನೊಂದು ಜನ ಕೂತಿದ್ದಾರೆ.”

ಅದು ಅವಳಿಗೆ ಗೊತ್ತಿತ್ತು. ಕನ್ನಡಕದಕ್ಕ ಕಾಗದ ಮಡಿಸಿ ಕೈಗೆ ಕೊಟ್ಟು, ಕಣ್ಣಲ್ಲಿ ಕಣ್ಣಿಡದೆ, “ಹಾಕಮ್ಮಾ ಸಹಿ. ಒಬ್ಬಳಾದ್ರೂ ಒಳಗಿರು,” ಎಂದು ಹೇಳಿ ಹೊರಗೆ ಹೋದಳು. ಹದ್ದುಗಣ್ಣಿ ಹೆಸರು ಬರೆದಳು. ಕೊನೆಯ ಅಕ್ಷರಕ್ಕೆ ಬರುವ ಹೊತ್ತಿಗೆ ಪೆನ್ನಿನ ಮೊನೆ ಕಾಗದ ಹರಿದು ಮೇಜಿಗೆ ತಾಗಿತ್ತು.

ಹೊರಗೆ ಬೆಂಚಿನ ಮೇಲೆ ಸರದಿಗಾಗಿ ಕೂತಿದ್ದವರ ಮುಂದೆ ಹಾದುಹೋಗುವ ಧೈರ್ಯ ಅವಳಿಗೆ ಬರಲಿಲ್ಲ. ಅವರು ಎದ್ದು ಹೋಗುವ ಸದ್ದು ಒಳಗಿಂದಲೇ ಕೇಳಿದಳು. ಚಪ್ಪಲಿಗಳ ಸದ್ದು, ಯಾರೋ ಮೂಗು ಸೀನಿಕೊಂಡದ್ದು, ಗೇಟಿನವನು ಏನೋ ಕೇಳಿದ್ದು. ಎದೆಯೊಳಗೆ ಗೆದ್ದ ಖುಷಿ ಒಂದು ಚೂರೂ ಇರಲಿಲ್ಲ. ಸಿಟ್ಟಿನ ಕೆಂಡ ಹಾಗೇ ಇತ್ತು. ಆದರೆ ಅದನ್ನು ಯಾರ ಮೇಲೆ ಸುರಿಯಬೇಕೆಂಬುದು ಈಗ ನಿಚ್ಚಳವಾಗಿತ್ತು, ಅವರು ಮನೆಯ ಅಡಿಗೆಮನೆಯಲ್ಲಿ ಇರಲಿಲ್ಲ.

ಓರಗಿತ್ತಿಯ ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡು ಕೂತಳು. ಸಾಗಿಸಲು ಕಟ್ಟಿಟ್ಟಿದ್ದ ಕಂಬಿಯಿಂದ ಒಂದು ಡಿಸ್ಕು ಎತ್ತಿದಳು. ಅಡ್ಡ ಬೆಳಕಿಗೆ ಒಡ್ಡಿದಳು.

“ಇದನ್ನ ಪಾಸ್ ಮಾಡಿದ್ದು ಯಾರು?”

“ನಾನೇ ಅಕ್ಕಾ. ಯಾಕೆ?”

“ಯಾಕೆ ಅಂತೆ ಯಾಕೆ! ಇಲ್ಲಿ ನೋಡು, ಅಂಚಿನಲ್ಲಿ. ಗೆರೆ ಕಾಣಿಸ್ತಿಲ್ವಾ? ಕಣ್ಣು ಎಲ್ಲಿಟ್ಟಿದ್ದೆ?”

ಓರಗಿತ್ತಿ ಬಗ್ಗಿ ನೋಡಿದಳು. ಕಂಡಿತು. ನಾಲಿಗೆ ಕಚ್ಚಿಕೊಂಡಳು.

“ಇಡೀ ಕಂಬಿ ಕೆಳಗಿಳಿಸು,” ಎಂದಳು ಹದ್ದುಗಣ್ಣಿ. “ಮೊದಲಿಂದ ನೋಡೋಣ.”